ತುಂಗಾ ಎಳೆದ ಕಡೆಗೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕುರಿ ಕಾಯೋರನ್ನ ಕೇಳಿ ನೋಡಿ. ನಡುರಾತ್ರಿ ನಾಯಿ ಬೊಗಳಿದ್ರೆ ಗದರಲ್ಲ. ಎದ್ದು ರೊಪ್ಪ ನೋಡ್ತಾರೆ. ಚಿರತೆ ವಾಸನೆ ಮೊದಲು ತಿಳಿಯೋದು ಅದಕ್ಕೇ.

ಪೊಲೀಸರದ್ದೂ ಇದೇ ನಂಬಿಕೆ. 2024ರ ಜುಲೈನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಒಬ್ಬನ ಕೊಲೆಯಾಯಿತು. ಪೊಲೀಸ್ ನಾಯಿ ತುಂಗಾ ವಾಸನೆ ಹಿಡಿದು, ಮಳೆಯಲ್ಲೇ 8 ಕಿಲೋಮೀಟರ್ ಓಡಿ, ಒಂದು ಮನೆ ಮುಂದೆ ನಿಂತಿತು. ಒಳಗೆ ಆರೋಪಿ ಹೆಂಡತಿಯನ್ನು ಹೊಡೆಯುತ್ತಿದ್ದ. ಆಕೆ ಬದುಕಿದಳು.

ಎಲ್ಲರೂ ತುಂಗಾಳನ್ನು ಹೊಗಳಿದರು, ಸರಿ. ನನಗೆ ಕಾಣೋದು ಹಗ್ಗ ಹಿಡಿದಿದ್ದ ಕೈ. ‘ಈ ಮಳೆಯಲ್ಲಿ ಎಂಥಾ ವಾಸನೆ’ ಅಂತ ಅದು ಹಿಂದಕ್ಕೆ ಎಳೆದಿದ್ದರೆ? ಆ ಹೆಣ್ಣುಮಗಳ ಗತಿ ಏನು?

ನಮ್ಮ ಮನೆಯಲ್ಲೂ ತಿಳಿದವರು ಇರ್ತಾರೆ. ಅವರು ಹೊರಟಾಗ ಹಗ್ಗ ಜಗ್ಗಬೇಡಿ ಸ್ವಾಮಿ, ಜೊತೆಗೆ ಓಡಿ.