ಕಡಲೆಕಾಯಿ ಪೊಟ್ಟಣದಿಂದ ಕಾದಂಬರಿವರೆಗೆ

(ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇವತ್ತಿನ ಸಭೇಲಿ ನಾವು ಕಾದಂಬರಿ ಬಗ್ಗೆ ಮಾತಾಡ್ತೀವಿ ಅಂದಾಗ ಕೆಲವು ಗೆಳೆಯರು ನಕ್ಕರು. ಸ್ಕಾಲರ್‌ಶಿಪ್ ಬಂದಿಲ್ಲ, ಬಗರ್‌ಹುಕುಂ ಅರ್ಜಿಗಳು ಧೂಳು ತಿನ್ತಾ ಇವೆ, ಊರಿನ ದೇವಸ್ಥಾನದ ಮೆಟ್ಟಿಲು ಇನ್ನೂ ನಮ್ಮದಾಗಿಲ್ಲ, ಇವರಿಗೆ ಕಾದಂಬರಿ ಚಿಂತೆ ಅಂದರು. ಅವರ ನಗು ನ್ಯಾಯವಾದದ್ದೇ. ಕಾದಂಬರಿ ಓದೋದು ಹೊಟ್ಟೆ ತುಂಬಿದವರು ಮಧ್ಯಾಹ್ನ ಮಲಗಿಕೊಂಡು ಮಾಡೋ ಕೆಲಸ ಅಂತಲೇ ನಾವೂ ತಿಳಿದಿದ್ದೆವು. ಆದರೆ ನಾವು ಓದೋಕೆ ಶುರುಮಾಡಿದ್ದು ಹೊಟ್ಟೆ ತುಂಬಿ ಅಲ್ಲ. ಹೇಗೆ ಶುರುವಾಯಿತು ಅನ್ನೋದನ್ನ ಮೊದಲು ಹೇಳಿಬಿಡ್ತೀವಿ.

ನಮ್ಮ ಕಡೆ ಕಡಲೆಕಾಯಿ ಬೆಳೆ. ಮಧುಗಿರಿಯಿಂದ ಪಾವಗಡದ ಗಡಿವರೆಗೂ ಮಳೆ ಬಂದ ವರ್ಷ ಕಡಲೆಕಾಯಿ, ಬರದಿದ್ದ ವರ್ಷ ಸಾಲ. ಬಿತ್ತನೆಗೆ ಮುಂಚೆ ದೊಡ್ಡವರ ಮನೆಯಿಂದ ಮೂಟೆ ತಂದು ಕೇರಿಯಲ್ಲಿ ಸುಲಿದು ಬೀಜ ಮಾಡಿಕೊಡಬೇಕು. ಸೇರಿಗೆ ಇಷ್ಟು ಅಂತ ಕೂಲಿ. ಸಂಜೆ ಆದ ಮೇಲೆ ದೀಪದ ಸುತ್ತ ಕೂತು ನಾವೆಲ್ಲ ಸುಲೀತಾ ಇದ್ದೆವು. ಬೆರಳು ಉರಿಯೋದು. ಬಾಯಿಗೆ ಒಂದು ಬೀಜ ಹಾಕಿಕೊಂಡರೂ ಅಳತೆಗೆ ಕಮ್ಮಿ ಬರ್ತದೆ ಅಂತ ಅವ್ವ ಕಣ್ಣು ಬಿಡೋಳು. ನಿದ್ದೆ ಬರದಿರಲಿ ಅಂತ ನಮ್ಮಕ್ಕ ಓದಿ ಹೇಳೋಳು. ಏನನ್ನ ಓದೋಳು? ಮನೇಲಿ ಪುಸ್ತಕ ಎಲ್ಲಿತ್ತು? ಅಂಗಡಿಯಿಂದ ಉಪ್ಪು, ಮೆಣಸಿನಕಾಯಿ, ಬೆಲ್ಲ ಕಟ್ಟಿಕೊಟ್ಟ ಕಾಗದ! ಅಂಗಡಿಯವನು ರದ್ದಿಗೆ ಕೊಂಡಿದ್ದ ಯಾವುದೋ ಕಾದಂಬರಿಯ ಹಾಳೆಗಳು. ಇವತ್ತು ಎಪ್ಪತ್ತೊಂದನೇ ಪುಟ ಬಂದರೆ, ನಾಳೆ ಮೂವತ್ತನೇದು ಬರೋದು. ಅದರಲ್ಲಿ ಒಬ್ಬಳು ಹುಡುಗಿ ರೈಲು ಸ್ಟೇಷನ್‌ನಲ್ಲಿ ಯಾರಿಗೋ ಕಾಯ್ತಾ ಕೂತಿದ್ದಳು. ಯಾರಿಗೆ, ಯಾಕೆ, ಅವನು ಬಂದನೋ ಇಲ್ಲವೋ, ಆ ಹಾಳೆ ನಮಗೆ ಸಿಗಲೇ ಇಲ್ಲ. ಬೆಲ್ಲ ಬೇಡದಿದ್ದರೂ ಬೆಲ್ಲ ತರ್ತೀವಿ ಅಂತ ನಾವು ಅಂಗಡಿಗೆ ಓಡ್ತಿದ್ದೆವು. ಮುಂದಿನ ಹಾಳೆ ಅಷ್ಟರಲ್ಲಿ ಬೇರೆ ಯಾರದೋ ಮನೆಗೆ ಸಾಸಿವೆ ಕಟ್ಟಿಕೊಂಡು ಹೋಗಿರೋದು.

ಅಕ್ಕ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಳು. ಬಿಟ್ಟಳು ಅನ್ನೋದು ಸುಳ್ಳು, ಬಿಡಿಸಿದೆವು. ನಾವು ಓದಬೇಕಿತ್ತು, ಅವಳು ಕಳೆ ಕೀಳಬೇಕಿತ್ತು. ಈಗ ಪಾವಗಡದ ಕಡೆ ಕೊಟ್ಟಿದೆ. ಆ ಮನೇಲಿ ಮಾತು ತೆಲುಗು. ನಾವು ಹೋದಾಗಲೆಲ್ಲ ಅವಳು ಕೇಳೋದು ಒಂದೇ, "ಆ ರೈಲ್ ಟೇಸನ್ ಹುಡುಗಿ ಏನಾದ್ಲು ಗೊತ್ತಾಯ್ತೇನೋ?" ಬಿ.ಎ. ಮಾಡಿದ್ದೀವಿ, ಪದ್ಯ ಬರೀತೀವಿ, ಆ ಕಾದಂಬರಿ ಹೆಸರು ಇವತ್ತಿಗೂ ಗೊತ್ತಿಲ್ಲ.

ಓದು ಬಾರದವರಿಗೆ ಕಾದಂಬರಿ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡಿ. ಸಿರಾ ತಾಲ್ಲೂಕಿನ ಹಟ್ಟಿಗಳಲ್ಲಿ ಕಾಡುಗೊಲ್ಲರು ಗಣೆ ಊದಿಕೊಂಡು ಜುಂಜಪ್ಪನ ಕತೆ ಹಾಡಿದರೆ ರಾತ್ರಿ ಕಳೆದು ಬೆಳಗಾಗ್ತದೆ. ಹುಟ್ಟು, ದಾಯಾದಿ ಮತ್ಸರ, ಹಸುಕರು, ಸಾವು ಎಲ್ಲ ಅದರಲ್ಲಿ ಬರ್ತದೆ. ಉದ್ದನೆ ಕತೆ ಕೇಳೋ ತಾಳ್ಮೆ ನಮ್ಮ ಜನಕ್ಕೆ ಮೊದಲಿಂದ ಇತ್ತು. ಇಲ್ಲದಿದ್ದುದು ಅಕ್ಷರ.

ಪುಸ್ತಕ ಅಂತ ಇಡಿಯಾಗಿ ಮೊದಲು ಕೈಗೆ ಬಂದದ್ದು ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರದು. ಮೇಷ್ಟರುಗಳು ಇದನ್ನ ಕಂಡರೆ ಕಸಿದುಕೊಳ್ಳೋರು. ಆದರೆ ಆ ಮನುಷ್ಯ ಯಾರು ಅಂತ ಆಮೇಲೆ ತಿಳೀತು. ನಾಲ್ಕನೇ ಕ್ಲಾಸು ಓದಿ, ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿಕೊಂಡು, ಐನೂರರಷ್ಟು ಕಾದಂಬರಿ ಬರೆದವರು. 2011 ರಲ್ಲಿ ತೀರಿಕೊಂಡರು. ಪಂಡಿತರು ಅವರನ್ನ ಲೆಕ್ಕಕ್ಕೆ ಇಡಲಿಲ್ಲ. ಆದರೆ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಓಡಿ ಕನ್ನಡ ಸರಾಗವಾಗಿ ಓದೋಕೆ ಕಲಿತವರು ಸಾವಿರಾರು ಜನ. ಅದರಲ್ಲಿ ನಾವೂ ಇದ್ದೀವಿ. ನಾಚಿಕೆಪಡೋ ಮಾತೇನಿಲ್ಲ. ಮೊದಲು ಓಡೋದು ಕಲಿಯೋಣ, ಎಲ್ಲಿಗೆ ಅನ್ನೋದು ಆಮೇಲೆ.

ಸ್ಕೂಲಿನಲ್ಲಿ ಪುಸ್ತಕದ ಬೀರು ಇತ್ತು. ಗಾಜಿನ ಬಾಗಿಲು, ಮೇಲೊಂದು ಬೀಗ. ಒಳಗಿನ ಪುಸ್ತಕದ ಬೆನ್ನು ಮಾತ್ರ ಓದಬಹುದಿತ್ತು. ಹಾಗೆ ಬೆನ್ನು ಓದಿ ಓದಿಯೇ ಕನ್ನಡದ ಅರ್ಧ ಕಾದಂಬರಿಗಳ ಹೆಸರು ನಮಗೆ ಬಾಯಿಪಾಠ. ಒಂದು ದಿನ ಧೈರ್ಯ ಮಾಡಿ ಕೇಳಿದೆವು. "ನಿಮಗ್ಯಾಕ್ರೋ ಕಾದಂಬರಿ, ಪಾಸಾದ್ರೆ ಸಾಕು" ಅಂದರು. ಬೈಗುಳ ಏನೂ ಆಡಲಿಲ್ಲ, ಅಷ್ಟೇ ಅಂದದ್ದು. ಆದರೆ ಆ "ನಿಮಗ್ಯಾಕ್ರೋ" ಅನ್ನೋ ಮಾತಿನಲ್ಲಿ ಏನೇನಿದೆ ಅಂತ ಇಲ್ಲಿ ಕೂತಿರೋ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ನೀರು, ಬಾವಿ ನೀರು ಕೇಳಿದಾಗ ನಮ್ಮ ತಾತಂದಿರಿಗೆ ಸಿಕ್ಕ ಉತ್ತರವೂ ಅದೇ.

ಆಮೇಲೆ 'ಚೋಮನ ದುಡಿ' ಸಿಕ್ಕಿತು. ಶಿವರಾಮ ಕಾರಂತರು 1933 ರಲ್ಲಿ ಬರೆದದ್ದು. ಸಣ್ಣ ಪುಸ್ತಕ. ರಜಕ್ಕೆ ಊರಿಗೆ ಬಂದಾಗ ಎರಡು ರಾತ್ರಿ ಅವ್ವನಿಗೆ ಓದಿ ಹೇಳಿದೆವು. ಕೇರಿಯ ಇನ್ನೂ ನಾಕು ಜನ ಬಂದು ಕೂತರು. ಚೋಮನಿಗೆ ಎರಡು ಎತ್ತು ಇದೆ, ಉಳೋಕೆ ಭೂಮಿ ಇಲ್ಲ. ಧಣಿ ಕೊಡಬಹುದಿತ್ತು, ಹೊಲೆಯ ಬೇಸಾಯ ಮಾಡೋದುಂಟಾ ಅಂತ ಮನೆಯವರು ತಡೀತಾರೆ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗ್ತಾರೆ. ಒಬ್ಬ ಮಗ ನೀರಿನಲ್ಲಿ ಮುಳುಗ್ತಾ ಇದ್ದರೆ ದಡದ ಮೇಲಿದ್ದ ಮೇಲುಜಾತಿಯವರು ಮುಟ್ಟಿ ಎತ್ತೋದಿಲ್ಲ. ಕಡೆಗೆ ಚೋಮ ದುಡಿ ಬಾರಿಸ್ತಾ ಬಾರಿಸ್ತಾ ಸಾಯ್ತಾನೆ. ಪುಸ್ತಕ ಮುಚ್ಚಿದೆವು. ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವ ಅಂದಳು,

"ಬರೆದೋನು ಅವನೇ ಅಲ್ವೇನೋ? ಪೆನ್ನು ಅವಂದು, ಇಂಕು ಅವಂದು. ಒಂದೆಲ್ಡೆಕ್ರೆ ಬರ್ಕೊಡೋಕೆ ಏನಾಗಿತ್ತು ಅವನ್ಗೆ?"

ಗೆಳೆಯರೆ, ಸಾಹಿತ್ಯದ ಮೇಲೆ ನಾವು ಎಷ್ಟೋ ಭಾಷಣ ಕೇಳಿದ್ದೀವಿ, ವಿಮರ್ಶೆ ಓದಿದ್ದೀವಿ. ಹೆಬ್ಬೆಟ್ಟಿನ ನಮ್ಮವ್ವ ಕೇಳಿದ ಪ್ರಶ್ನೆಗೆ ಇವತ್ತಿನವರೆಗೂ ನಮ್ಮ ಹತ್ತಿರ ಪೂರಾ ಉತ್ತರ ಇಲ್ಲ. ಕಾರಂತರು ಇದ್ದದ್ದನ್ನ ಇದ್ದ ಹಾಗೆ ಬರೆದರು, ಸುಳ್ಳು ಬರೆದು ಸಮಾಧಾನ ಮಾಡಲಿಲ್ಲ ಅಂತ ನಾವು ಅವ್ವನಿಗೆ ಹೇಳಿದೆವು. ಅದು ನಿಜ. ಆದರೆ ಅವ್ವ ಕೇಳಿದ್ದೂ ನಿಜ. ಪೆನ್ನು ಯಾರ ಕೈಲಿದೆ ಅನ್ನೋದನ್ನ ಅವಳು ಒಂದೇ ಏಟಿಗೆ ಹಿಡಿದುಬಿಟ್ಟಿದ್ದಳು.

ಈ ಪ್ರಶ್ನೆಗೇ ಒಂದು ಕಾಲದಲ್ಲಿ ರಕ್ತ ಹರಿದಿದೆ. 1973 ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಹೆಚ್ಚು ಅನ್ನೋ ಅರ್ಥದ ಮಾತಾಡಿದರು. ಗಲಾಟೆ ಎದ್ದಿತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅವರ ಪರ ನಿಂತ ದಲಿತ ವಿದ್ಯಾರ್ಥಿಗಳು, ಹಾಸ್ಟೆಲ್ ಹುಡುಗರು ಏಟು ತಿಂದರು. ನಿಮ್ಮ ಹಾಗೇ ಹಾಸ್ಟೆಲಿನ ಅನ್ನ ಉಣ್ತಾ ಇದ್ದ ಹುಡುಗರು ಅವರು. ಆದರೆ ಏಟು ತಿಂದವರು ಪುಸ್ತಕ ಬಿಸಾಕಿ ಹೋಗಲಿಲ್ಲ. ಚಳವಳಿ ಕಟ್ಟಿದರು, ಜೊತೆಗೆ ಪೆನ್ನು ಹಿಡಿದರು. ಅದೇ 1973 ರಲ್ಲಿ ದೇವನೂರ ಮಹಾದೇವರ 'ದ್ಯಾವನೂರು' ಬಂತು, 1975 ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಬೂಸಾ ಅಂದದ್ದು ಓದಬೇಡಿ ಅಂತಲ್ಲ, ಕೇರಿ ಕೇರು, ಕಾಳು ಯಾವುದು ಹೊಟ್ಟು ಯಾವುದು ನೋಡು ಅಂತ. ಕೇರಬೇಕಾದರೆ ಮೊರಕ್ಕೆ ಮೊದಲು ತುಂಬಿಕೊಳ್ಳಬೇಕು. ಓದದೇ ಬೈಯೋದು ಸುಲಭ, ಅದು ಚಳವಳಿಯಲ್ಲ.

ನಾವು ಹಾಗೆ ಕೇರಿಕೊಂಡೇ ಕುವೆಂಪು ಓದಿದೆವು. 1967 ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ದಪ್ಪ ನೋಡಿಯೇ ಹೆದರಿಕೆ ಆಗ್ತದೆ. ಹೆದರಬೇಡಿ. ಅದರಲ್ಲಿ ಗುತ್ತಿ ಅಂತ ಒಬ್ಬ ಇದ್ದಾನೆ, ಅವನ ನಾಯಿ ಹುಲಿಯ ಇದೆ. ಗುತ್ತಿ ಜೀತದ ಆಳು. ಆದರೂ ನಗ್ತಾನೆ, ಸುಳ್ಳು ಹೇಳ್ತಾನೆ, ತಿಮ್ಮಿಯನ್ನ ಹಾರಿಸಿಕೊಂಡು ಕಾಡು ಗುಡ್ಡ ಹತ್ತಿ ಇಳೀತಾನೆ. ಹೊಲೆಯನೂ ಪ್ರೀತಿ ಮಾಡ್ತಾನೆ, ಅವನಿಗೂ ಒಂದು ಕತೆಯ ಉದ್ದ ಇದೆ ಅಂತ ಅಲ್ಲಿ ಓದಿದಾಗ ನಮಗಾದ ಸಂತೋಷ ಹೇಳತೀರದು. ಕೊನೇಲಿ ಹುಲಿಯ ಹೊಳೆ ಪಾಲಾದಾಗ ಹಾಸ್ಟೆಲಿನ ಹಾಲಿನಲ್ಲಿ ಹೊದ್ದಿಕೆಯೊಳಗೆ ಅತ್ತಿದ್ದೀವಿ. ಪಕ್ಕದವನು ಊರು ನೆನಪಾಯ್ತಾ ಅಂದ. ಹೂಂ ಅಂದೆವು.

ಆಮೇಲೆ 'ಒಡಲಾಳ'. ಅದರಲ್ಲಿ ಸಾಕವ್ವನ ಮನೆಯವರೆಲ್ಲ ಒಂದು ರಾತ್ರಿ ಕೂತು, ಕದ್ದು ತಂದ ಕಡಲೆಕಾಯಿ ಮೂಟೆಯನ್ನ ತಿಂದು ಮುಗಿಸ್ತಾರೆ. ನಾವು ಅದನ್ನ ಓದಿದ್ದು ನಡುರಾತ್ರಿ. ಓದಿ ಮುಗಿಸಿ ನಮ್ಮ ಬೆರಳು ನೋಡಿಕೊಂಡೆವು. ನಮ್ಮ ಮನೇಲಿ ಒಂದು ಬೀಜ ಬಾಯಿಗೆ ಹಾಕಿಕೊಂಡರೆ ಅಳತೆಗೆ ಕಮ್ಮಿ. ಇಲ್ಲಿ ಒಂದು ಮನೆಯ ಮನೆಯೇ ಹೊಟ್ಟೆ ತುಂಬ ತಿಂತಾ ಇದೆ, ನಗ್ತಾ ಇದೆ. ಅವ್ವನಿಗೆ ಅದನ್ನ ಓದಿ ಹೇಳಿದಾಗ ಅವಳು ಅಳಲಿಲ್ಲ. ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. "ಇದನ್ನ ಬರ್ದೋನು ನಮ್ಮೋನೇ ಕಣಾ" ಅಂದಳು. ಹೆಸರು, ಜಾತಿ ನಾವು ಹೇಳಿರಲಿಲ್ಲ. ಮುಂದೆ 1984 ರಲ್ಲಿ ಬಂದ 'ಕುಸುಮಬಾಲೆ'ಯಲ್ಲಿ ಮಂಚ ಮಾತಾಡ್ತದೆ, ಜೋತಮ್ಮಂದಿರು ರಾತ್ರಿ ಸೇರಿ ಕಷ್ಟಸುಖ ಹೇಳಿಕೊಳ್ತಾರೆ. ನಂಜನಗೂಡು ಸೀಮೆಯ ಆ ಮಾತು ನಮ್ಮ ಸೀಮೆಯವರಿಗೆ ಮೊದಲು ತೊಡಕು. ಗಟ್ಟಿಯಾಗಿ ಓದಿ, ಬಿಡಿಸಿಕೊಳ್ತದೆ. ಕೇರಿಯ ಮಾತಿನಲ್ಲಿ ಬರೆದ ಆ ಪುಸ್ತಕಕ್ಕೆ 1990 ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮಾತು ಅಶುದ್ಧ ಅಂದವರಿಗೆ ಅದೇ ಉತ್ತರ.

ಬರೆಯೋರೆಲ್ಲ ದೂರದವರು ಅಂದುಕೋಬೇಡಿ. ಬರಗೂರು ರಾಮಚಂದ್ರಪ್ಪನವರ ಬರಗೂರು ಇರೋದು ಸಿರಾ ತಾಲ್ಲೂಕಿನಲ್ಲಿ. 'ಮಣೆಗಾರ' ಅನ್ನೋ ಆತ್ಮಕತೆ ಬರೆದ ತುಂಬಾಡಿ ರಾಮಯ್ಯನವರ ತುಂಬಾಡಿ ಕೊರಟಗೆರೆ ತಾಲ್ಲೂಕಿನದು. ನಾವು ಬಸ್ಸಿನಲ್ಲಿ ದಾಟಿ ಹೋಗೋ ಊರುಗಳು ಇವು. ಮಹಾರಾಷ್ಟ್ರದ ಅಣ್ಣಾಭಾವು ಸಾಠೆ ನಮ್ಮ ಮಾದಿಗರ ಹಾಗೇ ಇರೋ ಮಾಂಗ್ ಜಾತಿಯಲ್ಲಿ 1920 ರಲ್ಲಿ ಹುಟ್ಟಿ, ಸ್ಕೂಲಿಗೆ ಹೋದದ್ದು ಒಂದೆರಡು ದಿನ. ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. 1959 ರ 'ಫಕೀರಾ' ಕಾದಂಬರಿಯನ್ನ ಬಾಬಾಸಾಹೇಬರಿಗೆ ಅರ್ಪಿಸಿದರು.

ಬಾಬಾಸಾಹೇಬರು ಕಾದಂಬರಿ ಬರೆದವರಲ್ಲ. ಆದರೆ ಓದು ಅಂದರೆ ಏನು ಅಂತ ಅವರನ್ನ ನೋಡಿ ಕಲೀಬೇಕು. ಅವರ ತಂದೆ ರಾಮ್‌ಜಿ ಹೆಣ್ಣುಮಕ್ಕಳ ಒಡವೆ ಅಡವಿಡಿಸಿ ಮಗನಿಗೆ ಪುಸ್ತಕ ತಂದುಕೊಡ್ತಿದ್ದರು. 1907 ರಲ್ಲಿ ಮೆಟ್ರಿಕ್ ಪಾಸಾದಾಗ ಕೆಳುಸ್ಕರ್ ಅನ್ನೋ ಮೇಷ್ಟರು ತಾವೇ ಬರೆದ ಬುದ್ಧನ ಚರಿತ್ರೆಯನ್ನ ಆ ಹುಡುಗನ ಕೈಗೆ ಕೊಟ್ಟರು. 1956 ರಲ್ಲಿ ನಾಗಪುರದ ದೀಕ್ಷಾಭೂಮಿಗೆ ಹೋದ ದಾರಿ ಆ ಒಂದು ಪುಸ್ತಕದಿಂದಲೂ ಹೊರಟಿತ್ತು. ಹಾಗೇ ಆ ಒಡವೆಗಳನ್ನೂ ಮರೀಬೇಡಿ. ಅವು ಯಾರೋ ಅಕ್ಕಂದಿರ ಒಡವೆಗಳು. ನಮ್ಮ ನಿಮ್ಮ ಪ್ರತಿ ಡಿಗ್ರಿಯ ಹಿಂದೆ ಸ್ಕೂಲು ಬಿಟ್ಟ ಒಬ್ಬಳು ಅಕ್ಕ ಇದ್ದಾಳೆ.

ಈಗ ಕೆಲಸದ ಮಾತು. ನಮ್ಮ ಈ ನಾಲ್ಕು ತಾಲ್ಲೂಕು ಸೇರಿ ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹೆಸರಿನಲ್ಲಿ ಶಿಕ್ಷಣ ಇದೆ, ಪುಸ್ತಕ ಎಲ್ಲಿದೆ ಅಂತ ನಾವು ಕೇಳಬೇಕು. 1965 ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯದ ಕರವೂ ಸೇರಿದೆ. ಕೇರಿಯ ಮನೆಗೆ ಅದರಲ್ಲಿ ರಿಯಾಯಿತಿ ಇಲ್ಲ, ನಮ್ಮಪ್ಪಂದಿರೂ ಕಟ್ಟಿದ್ದಾರೆ. ಪಂಚಾಯ್ತಿ ಲೈಬ್ರರಿಗಳು 2019 ರಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ, ಅರಿವು ಕೇಂದ್ರ ಅಂತ ಹೆಸರೂ ಬಂದಿದೆ. ಹೋಗಿ ಮೆಂಬರಾಗಿ. ಬೀಗ ಹಾಕಿದ್ದರೆ ಯಾಕೆ ಅಂತ ಬರೆದು ಕೇಳಿ. ಹಾಸ್ಟೆಲಿನಲ್ಲಿ ಹತ್ತು ಜನ ಸೇರಿ ತಿಂಗಳಿಗೆ ಒಂದು ಕಾದಂಬರಿ ಕೊಳ್ಳಿ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ರಜಕ್ಕೆ ಹೋದಾಗ ಅದನ್ನ ಮನೆಗೆ ಒಯ್ದು ಅವ್ವನಿಗೆ ಓದಿ. ಅವಳು ಏನಂದಳು ಅಂತ ಬರೆದಿಟ್ಟುಕೊಳ್ಳಿ. ಅದೇ ನಿಜವಾದ ವಿಮರ್ಶೆ.

ಕೊನೇದಾಗಿ ಒಂದು ಮಾತು. ಪಾವಗಡದ ತಿರುಮಣಿ ಕಡೆ 2018 ರಿಂದ ಸೋಲಾರ್ ಪಾರ್ಕ್ ಇದೆ. ಐದು ಊರಿನ 13,000 ಎಕರೆ, 2,050 ಮೆಗಾವಾಟು. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಭೂಮಿ ಇಲ್ಲದೆ ಆ ಹೊಲಗಳಲ್ಲಿ ಕಳೆ ಕಿತ್ತವರಿಗೆ, ಕಡಲೆಕಾಯಿ ಕಿತ್ತವರಿಗೆ, ಕುರಿ ಮೇಯಿಸಿದವರಿಗೆ ಗುತ್ತಿಗೆ ಯಾರು ಕೊಡ್ತಾರೆ? 1933 ರ ಚೋಮನಿಗೆ ಭೂಮಿ ಇರಲಿಲ್ಲ. 1974 ರ ಭೂಸುಧಾರಣೆ ಕಾಯ್ದೆ ಗೇಣಿದಾರನನ್ನ ಹುಡುಕಿಕೊಂಡು ಬಂತು, ಗೇಣಿಚೀಟಿಯೂ ಇಲ್ಲದ ಕೂಲಿಯವನ ಪಾಲಿಗೆ ಬಂದದ್ದು ಕಮ್ಮಿ. ಈಗ ಬಿಸಿಲಿಗೂ ಬೆಲೆ ಬಂದಿದೆ. ತಲೆತಲಾಂತರದಿಂದ ಆ ಬಿಸಿಲು ತಿಂದವನಿಗೆ ಅದರಲ್ಲೂ ಪಾಲಿಲ್ಲ. ಈ ಕಾದಂಬರಿಯನ್ನ ಯಾರು ಬರೀಬೇಕು? ದೂರದವರು ಬಂದು ಬರೆದರೆ ಮತ್ತೆ ನಮ್ಮವ್ವ ಅದೇ ಪ್ರಶ್ನೆ ಕೇಳ್ತಾಳೆ.

ನಾವು ಪದ್ಯ ಬರೆಯೋರು, ಉಸಿರು ಸಣ್ಣದು. ಕಾದಂಬರಿಗೆ ದೊಡ್ಡ ಉಸಿರು ಬೇಕು. ಇಲ್ಲಿ ಕೂತಿರೋ ನಿಮ್ಮಲ್ಲಿ ಯಾರಿಗೋ ಅದು ಇದೆ. ಹುಡುಗಿಯರ ಹಾಸ್ಟೆಲಿನಿಂದ ಬಂದ ತಂಗಿಯರೆ, ಬಹುಶಃ ನಿಮ್ಮಲ್ಲೇ ಇದೆ. ಯಾಕೆಂದರೆ ಏಳನೇ ಕ್ಲಾಸಿಗೆ ಬಿಟ್ಟವಳ ಕತೆ ನಿಮಗೆ ಗೊತ್ತಿರೋ ಹಾಗೆ ನಮಗೆ ಗೊತ್ತಿಲ್ಲ.

ಹೋದ ಸಾರಿ ಪಾವಗಡಕ್ಕೆ ಹೋದಾಗ ಅಕ್ಕ ಮತ್ತೆ ಆ ರೈಲು ಸ್ಟೇಷನ್ ಹುಡುಗಿಯನ್ನ ಕೇಳಿದಳು. "ಹಾಳೆ ಸಿಗಲಿಲ್ಲ ಕಣಕ್ಕ, ನೀನೇ ಹೇಳು, ಅವಳು ಏನಾಗಿರಬಹುದು?" ಅಂದೆವು. ಅಕ್ಕ ಒಲೆ ಮುಂದೆ ಕೂತು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳೋಕೆ ಶುರುಮಾಡಿದಳು. ನಾವು ಬರೆದುಕೊಂಡು ಬಂದಿದ್ದೀವಿ.

ಜೈಭೀಮ್.