ಯಶಸ್ಸನ್ನು ಅಳೆಯುವುದು ಹೇಗೆ?



ಯಶಸ್ಸು ಎಂದರೇನು ಎಂದು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರಗಳು ಮೂರು: ರ‍್ಯಾಂಕು, ಸೀಟು, ಸಂಬಳ. ಮೂರೂ ಬೇಕಾದವೇ. ಆದರೆ ಈ ಮೂರನ್ನೂ ನಮಗೆ ಕೊಡಬೇಕಾದವರು ಬೇರೆಯವರು. ಅವರು ಕೊಡದೇ ಹೋದರೆ ನಮ್ಮ ಬಳಿ ಉಳಿಯುವುದೇನು? ಬೆಂಗಳೂರಿನಲ್ಲಿ ಸಂಶೋಧನೆ ಮಾಡಿದ ವಿಜ್ಞಾನಿಯೊಬ್ಬರ ಬದುಕಿನಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಅನ್ನಾ ಮಣಿ ಹುಟ್ಟಿದ್ದು 1918ರಲ್ಲಿ, ಅಂದಿನ ತಿರುವಾಂಕೂರಿನ ಪೀರುಮೇಡಿನಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಹೊರಸೂಸುವ ಬೆಳಕಿನ ಅಧ್ಯಯನ ಅವರ ಪಾಲಿಗೆ ಬಂತು. ಆ ಬೆಳಕು ಬಹಳ ಕ್ಷೀಣ. ಛಾಯಾಗ್ರಹಣದ ಫಲಕದ ಮೇಲೆ ಅದು ಮೂಡಲು ಹದಿನೈದು, ಇಪ್ಪತ್ತು ಗಂಟೆಗಳು ಬೇಕಾಗುತ್ತಿದ್ದವು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲೇ ಕಳೆದರು. ತಾವೊಬ್ಬರೇ ಬರೆದ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು.

1945ರಲ್ಲಿ ಪಿಎಚ್.ಡಿ.ಗಾಗಿ ಮಹಾಪ್ರಬಂಧ ಸಲ್ಲಿಸಿದರು. ಆಗ ಪದವಿ ನೀಡಬೇಕಾಗಿದ್ದುದು ಮದರಾಸು ವಿಶ್ವವಿದ್ಯಾನಿಲಯ. ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಅದು ಪದವಿಯನ್ನು ನಿರಾಕರಿಸಿತು. ಐದು ವರ್ಷಗಳ ದುಡಿಮೆಗೆ ಒಂದು ಕಾಗದವೂ ಸಿಗಲಿಲ್ಲ. ಇದು ಅನ್ಯಾಯವೇ, ಅದನ್ನು ಹಾಗೆಂದೇ ಕರೆಯಬೇಕು.

ಅದೇ ವರ್ಷ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೊರಟರು. ಓದಬೇಕೆಂದಿದ್ದುದು ಭೌತಶಾಸ್ತ್ರ, ವಿದ್ಯಾರ್ಥಿವೇತನ ದೊರೆತದ್ದು ಹವಾಮಾನ ಉಪಕರಣಗಳ ಅಧ್ಯಯನಕ್ಕೆ. ಅದನ್ನೇ ಕಲಿತು 1948ರಲ್ಲಿ ಮರಳಿ, ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಆಗ ನಮ್ಮ ದೇಶ ಸಾಮಾನ್ಯ ಉಪಕರಣಗಳಿಗೂ ವಿದೇಶವನ್ನು ನೆಚ್ಚಿಕೊಂಡಿತ್ತು. ಅನ್ನಾ ಮಣಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬುದು ಅವರ ನಿಲುವು. ಭಾರತದ ಸೌರ ವಿಕಿರಣ ಕುರಿತ ಅವರ ಕೈಪಿಡಿ 1980ರಲ್ಲಿ ಹೊರಬಂದು, ಸೌರಶಕ್ತಿಯ ಕೆಲಸಕ್ಕೆ ಆಧಾರವಾಯಿತು. ಇಲಾಖೆಯ ಉಪಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಅವರು 2001ರಲ್ಲಿ ತೀರಿಕೊಂಡರು. ಪಿಎಚ್.ಡಿ. ಕೊನೆಗೂ ಬರಲಿಲ್ಲ.

ಈಗ ಯೋಚಿಸಿ. ವಿಶ್ವವಿದ್ಯಾನಿಲಯ ಪದವಿಯನ್ನು ತಡೆಯಿತು. ಆದರೆ ಮಸುಕಾದ ಬೆಳಕಿನ ಮುಂದೆ ರಾತ್ರಿಯಿಡೀ ಕುಳಿತು ಕಲಿತ ತಾಳ್ಮೆಯನ್ನು, ಅಳತೆಯ ಶಿಸ್ತನ್ನು ತಡೆಯಲು ಅದಕ್ಕೆ ಸಾಧ್ಯವಾಯಿತೇ? ವಜ್ರದಿಂದ ಬಿಸಿಲಿನವರೆಗೆ ಅವರ ಜೊತೆಗೆ ಬಂದದ್ದು ಆ ಕಲಿಕೆ. ನಿಜವಾದ ವೈಯಕ್ತಿಕ ಯಶಸ್ಸು ಎಂದು ನಾನು ಕರೆಯುವುದು ಇದನ್ನೇ: ಇನ್ನೊಬ್ಬರು ಕಸಿದುಕೊಳ್ಳಲಾಗದ, ಇನ್ನೊಬ್ಬರ ಉಪಯೋಗಕ್ಕೂ ಬರುವ ಸಾಮರ್ಥ್ಯ.

ಹಾಗೆಂದು ಅಂಕಗಳನ್ನು ಕಡೆಗಣಿಸಬೇಡಿ. ಮೊದಲ ಬಾಗಿಲು ತೆರೆಯಲು ಅವು ಬೇಕು. ಆದರೆ ಒಳಗೆ ಹೋದ ಮೇಲೆ ಕೇಳುವ ಪ್ರಶ್ನೆ ಬೇರೆ. ನಾನೂ ವಿಜ್ಞಾನದ ಪದವೀಧರ, ಸೇರಿದ್ದು ದೂರದರ್ಶನಕ್ಕೆ. ಸ್ಟುಡಿಯೋದ ದೀಪಗಳನ್ನು ಹೊಂದಿಸುವಾಗ ನೆರವಿಗೆ ಬರುವುದು ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿ ಕಲಿತದ್ದು. ಅಂಕಪಟ್ಟಿ ಕಪಾಟಿನಲ್ಲಿದೆ.

ಪ್ರತಿ ಸೆಮಿಸ್ಟರ್ ಮುಗಿದಾಗ ಫಲಿತಾಂಶಕ್ಕೆ ಕಾಯುವ ಮೊದಲೇ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಆರು ತಿಂಗಳ ಹಿಂದೆ ಮಾಡಲು ಬಾರದ ಯಾವ ಕೆಲಸ ಈಗ ನನಗೆ ಬರುತ್ತದೆ? ಯಾರೂ ನೋಡದಿದ್ದಾಗಲೂ ನಾನು ಸರಿಯಾಗಿ ಮಾಡಿದ್ದು ಯಾವುದು? ನನ್ನ ಕಲಿಕೆಯಿಂದ ಮತ್ತೊಬ್ಬರಿಗೆ ಏನಾದರೂ ಪ್ರಯೋಜನವಾಯಿತೇ? ಇವುಗಳಲ್ಲಿ ಒಂದಕ್ಕಾದರೂ ಪ್ರಾಮಾಣಿಕ ಉತ್ತರವಿದ್ದರೆ, ಫಲಿತಾಂಶ ಏನೇ ಬರಲಿ, ನೀವು ಬರಿಗೈಯಲ್ಲಿಲ್ಲ. ಒಂದು ಬಾಗಿಲು ಮುಚ್ಚಿದ ದಿನ ಮನೆಯವರೊಡನೆ, ಗುರುಗಳೊಡನೆ ಮಾತನಾಡಿ. ಮುಂದಿನ ಬಾಗಿಲನ್ನು ಹುಡುಕಿ.