ಸಹಿ ಹಾಕೋ ಮುಂಚೆ ಓದೋಕೆ ಬರಬೇಕು

(ಪೀಣ್ಯದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ನಾವು ಇಲ್ಲಿಗೆ ಉಪದೇಶ ಮಾಡೋಕೆ ಬಂದಿಲ್ಲ. ನಾವೂ ಹಾಸ್ಟೆಲಿನ ಮುದ್ದೆ, ನೀರುಸಾರು ಉಂಡು ಬೆಳೆದವರೇ. ಐಟಿಐ ಮುಗಿಸಿ, ಟ್ರಂಕು ಹೊತ್ತು ಪೀಣ್ಯಕ್ಕೆ ಬಂದವರು. ಮೊದಲು ಒಂದು ಸಂಗತಿ ಹೇಳಿಬಿಡ್ತೀವಿ.

ನಮ್ಮ ಗೆಳೆಯನೊಬ್ಬ ಇಲ್ಲೇ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಲೇತ್ ಮೇಲೆ ದುಡಿದ. ಕಾಂಟ್ರಾಕ್ಟರನ ಕೈಕೆಳಗಿನ ಕೆಲಸ. ಒಂದು ಶನಿವಾರ ಸಂಜೆ ಆಫೀಸಿಗೆ ಕರೆದು ಒಂದು ಕಾಗದ ಮುಂದಿಟ್ಟರು. 'ಬಾಕಿ ಸಂಬಳದ್ದು, ಸಹಿ ಹಾಕು' ಅಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಹಾಕಿದ. ಸೋಮವಾರ ಅವನನ್ನು ಗೇಟಿನಲ್ಲೇ ತಡೆದರು. ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ನನಗೆ ಬರಬೇಕಾದದ್ದೆಲ್ಲ ಬಂದಿದೆ, ಇನ್ನು ಯಾವ ಬಾಕಿಯೂ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಇದ್ದದ್ದು ಮೂರೇ ಸಾಲು. ಆತ ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಪಾಸಾದವನು. 'ರಿಸೈನ್' ಅನ್ನೋ ಅಕ್ಷರಗಳನ್ನು ಓದಿಯೂ ಇದ್ದ. 'ಸೈನ್ ಅಂದ್ರೆ ಸಹಿ, ರಿಸೈನ್ ಅಂದ್ರೆ ಇನ್ನೊಂದ್ಸಲ ಸಹಿ ಅಂದ್ಕೊಂಡೆ ಕಣ್ರಪ್ಪಾ' ಅಂದ. ನಾವು ಯಾರೂ ನಗಲಿಲ್ಲ. ನಮ್ಮಲ್ಲಿ ಅರ್ಧ ಮಂದಿಗೆ ಆ ಪದ ಅವತ್ತೇ ಗೊತ್ತಾದದ್ದು.

ಆದ್ದರಿಂದ ಇಂಗ್ಲಿಷ್ ನಮಗೆ ಶೋಕಿಯ ಮಾತಲ್ಲ, ಅನ್ನದ ಮಾತು. ಇದನ್ನು ಹೇಳಿದ್ದಕ್ಕೆ ಒಬ್ಬರು ಮಂತ್ರಿಗಿರಿಯನ್ನೇ ಕಳಕೊಂಡರು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ, ಇಂಗ್ಲಿಷ್ ಕಲೀಬೇಕು ಎಂಬರ್ಥದಲ್ಲಿ ಮಾತಾಡಿದರು. ಊರೂರಲ್ಲಿ ಗಲಾಟೆ ಎದ್ದಿತು, ಅವರ ಪರ ನಿಂತ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಹಾಸ್ಟೆಲಿನ ಹುಡುಗರು ಪೆಟ್ಟು ತಿಂದರು. ಅವತ್ತು ಕೂಗಾಡಿದವರಲ್ಲಿ ಎಷ್ಟು ಜನ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಹಾಕಿದರೋ, ಆ ಲೆಕ್ಕ ಬರೆದಿಟ್ಟವರಿಲ್ಲ. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದಕ್ಕೆ ಆ ಬೂಸಾ ಗಲಾಟೆಯೂ ಒಂದು ಕಾರಣ. ಅದಕ್ಕೂ ಬಹಳ ಹಿಂದೆ, 1854ರಲ್ಲಿ, ಸಾವಿತ್ರಿಬಾಯಿ ಫುಲೆ ತಮ್ಮ ಮರಾಠಿ ಕವನ ಸಂಕಲನದಲ್ಲಿ ಶೂದ್ರಾತಿಶೂದ್ರರು ಇಂಗ್ಲಿಷ್ ಕಲೀಬೇಕು ಅಂತಲೇ ಬರೆದಿದ್ದರು.

ಕನ್ನಡ ಬಿಡಿ ಅಂತ ನಾವು ಹೇಳ್ತಿಲ್ಲ. ನಮ್ಮ ಹೋರಾಟದ ಹಾಡೆಲ್ಲ ಕನ್ನಡದವೇ. ಆದರೆ ನಮ್ಮ ಕೈಗೆ ಬರೋ ಷೋಕಾಸ್ ನೋಟಿಸು ಕನ್ನಡದಲ್ಲಿ ಬರೋದಿಲ್ಲವಲ್ಲ.

ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗಿ ನೋಡಿ. ಕಿಯೋನಿಕ್ಸ್ ಅದನ್ನು 1978ರಲ್ಲಿ ಶುರು ಮಾಡಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ. ವೈಟ್‌ಫೀಲ್ಡ್ ಕಡೆ ಪಟ್ಟಂದೂರು ಅಗ್ರಹಾರದಲ್ಲಿ ಐಟಿಪಿಎಲ್ ಎದ್ದಿದೆ. ಆ ಗಾಜಿನ ಕಟ್ಟಡಗಳ ಒಳಗೆ ನಮ್ಮವರು ದಿನಾ ಹೋಗಿ ಬರ್ತಾರೆ. ಪೊರಕೆ ಹಿಡಿದು, ಲಾಠಿ ಹಿಡಿದು, ಊಟದ ಟ್ರೇ ಹಿಡಿದು. ಕುರ್ಚಿಯ ಮೇಲೆ ಕೂರೋಕೆ ಹೋದ ನಮ್ಮ ಹುಡುಗ ಮಾತ್ರ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅನ್ನೋ ಒಂದೇ ಮಾತಿಗೆ ಬೆವತು ವಾಪಸ್ ಬರ್ತಾನೆ.

ಹಾಗಾದರೆ ಕಲಿಯೋದು ಹೇಗೆ? ನಾವು ಮೊದಲು ಮಾಡಿದ್ದೆಲ್ಲ ತಪ್ಪೇ. ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ 'ಮೂವತ್ತು ದಿನದಲ್ಲಿ ಇಂಗ್ಲಿಷ್' ಪುಸ್ತಕ ಕೊಂಡೆವು. ಮೊದಲ ದಿನ ಮೂರು ಗಂಟೆ ಓದು, ಎರಡನೇ ದಿನ ಒಂದು ಗಂಟೆ, ನಾಲ್ಕನೇ ದಿನ ಪುಸ್ತಕ ತಲೆದಿಂಬಿನ ಕೆಳಗೆ. ಸಾಲ ಮಾಡಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದವರೂ ನೈಟ್ ಶಿಫ್ಟ್ ಬಿದ್ದ ವಾರವೇ ಬಿಟ್ಟರು.

ಆಮೇಲೆ ನಾಲ್ಕು ಜನ ಒಂದು ರೂಮಿನಲ್ಲಿ ಕೂತು ಯೋಚನೆ ಮಾಡಿದೆವು. ನಮ್ಮ ಶಿಫ್ಟು ವಾರವಾರವೂ ಬದಲು. ರಾತ್ರಿ ಒಂಬತ್ತಕ್ಕೆ ಓದ್ತೀನಿ ಅಂದರೆ ಮುಂದಿನ ವಾರ ಒಂಬತ್ತಕ್ಕೆ ಮಿಷಿನ್ ಮುಂದೆ ಇರ್ತೀವಿ. ಯಾವ ಶಿಫ್ಟಾದರೂ ಊಟ ತಪ್ಪೋದಿಲ್ಲ. ಆದ್ದರಿಂದ ಓದನ್ನು ಗಡಿಯಾರಕ್ಕೆ ಕಟ್ಟಲಿಲ್ಲ, ಊಟಕ್ಕೆ ಕಟ್ಟಿದೆವು. ತಟ್ಟೆ ತೊಳೆದಿಟ್ಟ ಮೇಲೆ ಕಾಲು ಗಂಟೆ. ಹೆಚ್ಚು ಬೇಡ. ಉಮೇದು ಬಂತು ಅಂತ ಎರಡು ಗಂಟೆ ಕೂತವನು ಮಾರನೇ ದಿನ ಕೂರೋದಿಲ್ಲ, ಇದನ್ನು ನಾವು ನೋಡಿಬಿಟ್ಟಿದೀವಿ. ಒಂದು ದಿನ ತಪ್ಪಿದರೆ ಮಾರನೇ ದಿನ ಮತ್ತೆ ಕಾಲು ಗಂಟೆಯೇ, ಬಡ್ಡಿ ಸೇರಿಸಿ ಅರ್ಧ ಗಂಟೆ ಅಲ್ಲ. ಬಡ್ಡಿ ಕಟ್ಟಿದ್ದು ನಮ್ಮ ತಾತಂದಿರಿಗೇ ಸಾಕು.

ಓದಿದ್ದು ಏನು? ಪಠ್ಯಪುಸ್ತಕ ಅಲ್ಲ, ಸಂಬಳದ ಚೀಟಿ. ದಿನಕ್ಕೆ ಐದು ಪದ. ಬೇಸಿಕ್, ಗ್ರಾಸ್, ಡಿಡಕ್ಷನ್, ನೆಟ್, ಅರಿಯರ್ಸ್. ಪದ ಬರೆದು, ಅರ್ಥ ಬರೆದು, ಅದನ್ನಿಟ್ಟು ಒಂದು ವಾಕ್ಯ ಮಾಡಬೇಕು. ಡಿಡಕ್ಷನ್ ಅಂದರೆ ಕಡಿತ ಅಂತ ತಿಳಿದ ದಿನವೇ ಒಬ್ಬ ಲೆಕ್ಕ ಹಾಕೋಕೆ ಕೂತ. ಇಎಸ್ಐಗೆ 2019ರ ಜುಲೈಯಿಂದ ನಮ್ಮ ಸಂಬಳದಲ್ಲಿ ಹಿಡಿಯೋದು ನೂರಕ್ಕೆ 0.75, ಮಾಲೀಕ ಹಾಕೋದು 3.25. ಅದು ಸರಿಯಾಗಿತ್ತು. ಕೆಳಗೆ ಇನ್ನೊಂದು ಸಾಲಿತ್ತು, ಯೂನಿಫಾರಂ. ಎರಡು ವರ್ಷದಿಂದ ತಿಂಗಳು ತಿಂಗಳೂ ದುಡ್ಡು ಹಿಡಿದಿದ್ದಾರೆ, ಕೊಟ್ಟದ್ದು ಒಂದೇ ಜೊತೆ! ಕೇಳೋಕೆ ಹೋದ. ಒಬ್ಬನೇ ಹೋಗಲಿಲ್ಲ, ಹನ್ನೊಂದು ಜನ ಹೋದರು. ಮುಂದಿನ ತಿಂಗಳಿಂದ ಆ ಸಾಲು ನಿಂತಿತು. ಹಳೇ ದುಡ್ಡು ಮಾತ್ರ ಇನ್ನೂ ಬಂದಿಲ್ಲ.

ಚೀಟಿ ಮುಗಿದ ಮೇಲೆ ಆರ್ಡರ್ ಕಾಪಿ, ಆಮೇಲೆ ಮಿಷಿನ್ ಮೇಲಿನ ಎಚ್ಚರಿಕೆ ಬೋರ್ಡು. ಕಾಲೇಜಿನವರಿಗೆ ಸಂಬಳದ ಚೀಟಿ ಇಲ್ಲದಿದ್ದರೆ ಸ್ಕಾಲರ್‌ಶಿಪ್ ಅರ್ಜಿ ಇದೆ, ನೋಟಿಸ್ ಬೋರ್ಡಿನ ಸುತ್ತೋಲೆ ಇದೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೂಗ್ತಾರೆ, ಬಾಯೊಳಗೇ ಅದರ ಜೊತೆಗೆ ಹೇಳ್ಕೊಳ್ಳಿ, ಯಾರಿಗೂ ಕೇಳಿಸೋದಿಲ್ಲ. ಭಾನುವಾರ ಸಂವಿಧಾನ. ಕನ್ನಡ ಅನುವಾದ, ಇಂಗ್ಲಿಷ್ ಮೂಲ ಎರಡನ್ನೂ ಪಕ್ಕಪಕ್ಕ ಇಟ್ಟು ವಾರಕ್ಕೆ ಒಂದು ವಿಧಿ. ನಾವು ಅಸ್ಪೃಶ್ಯತೆಯನ್ನು ತೊಡೆದ 17ನೇ ವಿಧಿಯಿಂದ ಶುರು ಮಾಡಿದೆವು. ಎರಡೇ ವಾಕ್ಯದ್ದು, ಒಬ್ಬೊಬ್ಬರೂ ಎದ್ದು ನಿಂತು ಗಟ್ಟಿಯಾಗಿ ಓದಿದೆವು. ಬಾಬಾಸಾಹೇಬರ 'ಜಾತಿ ವಿನಾಶ' 1936ರಲ್ಲಿ ಲಾಹೋರಿನ ಸಭೆಗೆ ಇಂಗ್ಲಿಷಿನಲ್ಲಿ ಬರೆದ ಭಾಷಣ. ಕರೆದವರೇ ಹೆದರಿ ಸಭೆ ಕೈಬಿಟ್ಟರು, ಅವರು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಅದನ್ನು ಈಗ ಒಂದೊಂದೇ ಪ್ಯಾರಾ ಓದ್ತಿದೀವಿ. ಕಷ್ಟ ಇದೆ, ಆದರೂ ಬಿಟ್ಟಿಲ್ಲ.

ಒಂದು ಮಾತು ಹೇಳಲೇಬೇಕು. ನಮ್ಮನ್ನು ಬಹಳ ಸಲ ನಿಲ್ಲಿಸಿದ್ದು ಸೋಮಾರಿತನ ಅಲ್ಲ, ನಾಚಿಕೆ. ಆ ನಾಚಿಕೆ ಹುಟ್ಟಿಸಿದವರು ಹೊರಗಿನವರಷ್ಟೇ ಅಲ್ಲ. ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರೆ 'ಬಂದ ನೋಡ್ರೋ ಲಂಡನ್ ದೊರೆ' ಅಂತ ನಗೋರು ನಾವೇ. ಮೇಲ್ಜಾತಿಯವನು ನಕ್ಕರೆ ಸಿಟ್ಟು ಬರುತ್ತೆ, ಸಿಟ್ಟಿನಲ್ಲಾದರೂ ಓದ್ತೀವಿ. ನಮ್ಮವನೇ ನಕ್ಕರೆ ಬಾಯಿ ಮುಚ್ಚಿಕೊಂಡುಬಿಡ್ತೀವಿ. ನಮ್ಮ ರೂಮಿನಲ್ಲಿ ಒಂದು ಕಟ್ಟುಪಾಡು ಮಾಡಿದೆವು: ನಕ್ಕವನು ಮಾರನೇ ದಿನ ಎಲ್ಲರ ತಟ್ಟೆ ತೊಳೀಬೇಕು. ಮೊದಲ ವಾರ ತಟ್ಟೆ ತೊಳೆದವರಲ್ಲಿ ಈ ಭಾಷಣ ಬರೆದವರೂ ಇದೀವಿ.

ಈಗ ಏಳು ತಿಂಗಳಾಯಿತು. ನಾವು ದೊರೆಗಳ ಹಾಗೆ ಇಂಗ್ಲಿಷ್ ಆಡೋದಿಲ್ಲ, ವ್ಯಾಕರಣ ಇನ್ನೂ ಕುಂಟುತ್ತೆ. ಆದರೆ ಮೊನ್ನೆ ಆ ಲೇತ್ ಗೆಳೆಯ ಬೇರೆ ಕಡೆ ಕೆಲಸಕ್ಕೆ ಸೇರುವಾಗ ಎರಡು ಪುಟದ ಕಾಗದ ಕೊಟ್ಟರು. 'ರೂಮಿಗೆ ತಗೊಂಡು ಹೋಗಿ ಓದಿ, ನಾಳೆ ಸಹಿ ಹಾಕ್ತೀನಿ ಸಾರ್' ಅಂದನಂತೆ. ಆಫೀಸಿನವನು ಮುಖ ಗಂಟಿಕ್ಕಿಕೊಂಡೇ ಕೊಟ್ಟನಂತೆ. ರಾತ್ರಿ ಐದು ಜನ ಕೂತು ಓದಿದೆವು. ಎರಡು ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕಳಿಸಿದೆವು.

ಇವತ್ತು ಊಟ ಆದ ಮೇಲೆ ಮೆಸ್ಸಿನ ಕೊನೇ ಮೇಜಿನ ಹತ್ತಿರ ಇರ್ತೀವಿ. ನಿಮ್ಮಲ್ಲಿ ಯಾರ ಹತ್ತಿರ ಇಂಗ್ಲಿಷಿನ ಕಾಗದ ಇದೆಯೋ, ಅಪ್ಪನದೋ ಅಕ್ಕನದೋ ಸಂಬಳದ ಚೀಟಿ ಆದರೂ ಸರಿ, ತಗೊಂಡು ಬನ್ನಿ. ಪೆನ್ನು ನಿಮ್ಮದೇ ಇರಲಿ.

ಜೈ ಭೀಮ್.